ಕಬ್ಬಿನ ಹೆಸರಿನಲ್ಲಿ ದೆಹಲಿಗೆ ಹೋಗುವ ಅಹವಾಲು

ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳ ಕಬ್ಬಿಗೆ ಕಾವೇರಿ ನಾಲೆಗಳೇ ಆಧಾರ, ಕೃಷ್ಣರಾಜಪೇಟೆಗೆ ಹೇಮಾವತಿ. ನಾಗಮಂಗಲದ ಬಹುಪಾಲು ರೈತರು ಇಂದಿಗೂ ಮುಗಿಲು ನೋಡಿ ರಾಗಿ ಬಿತ್ತುವವರು. ಪಾಂಡವಪುರ ಮತ್ತು ಮಾಕವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಆದರೆ ಈ ಸೀಮೆಯ ಕಬ್ಬಿನ ಭವಿಷ್ಯ ನಿರ್ಧಾರವಾಗುವುದು ದೆಹಲಿಯಲ್ಲಿ.

1932ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಗಳ ರಾಷ್ಟ್ರೀಯ ಸಂಘ ‘ಇಸ್ಮಾ’ ಈಗ ತನ್ನ ಹೆಸರಿನಲ್ಲಿ ಜೈವಿಕ ಇಂಧನವನ್ನೂ ಸೇರಿಸಿಕೊಂಡಿದೆ. ಎಥೆನಾಲ್ ದರ ಏರಬೇಕೆಂಬುದು ಅದರ ಬೇಡಿಕೆ. ಇದು ಹಸಿರು ಇಂಧನವೆಂಬುದು ವಾದ. ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಕೇಂದ್ರವು 2030ರ ಬದಲು 2025ಕ್ಕೇ ನಿಗದಿಪಡಿಸಿ, ಸಾಧಿಸಿಯೂ ಆಯಿತು. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ.

2023ರಲ್ಲಿ ಮಳೆ ಕೈಕೊಟ್ಟಿತು. 124.80 ಅಡಿ ಗರಿಷ್ಠ ಮಟ್ಟದ ಕೃಷ್ಣರಾಜಸಾಗರ ತುಂಬಲಿಲ್ಲ. ಸಕ್ಕರೆ ಕೊರತೆಯ ಭೀತಿಯಿಂದ ಡಿಸೆಂಬರ್ 7ರಂದು ಕೇಂದ್ರವು ಕಬ್ಬಿನ ರಸದಿಂದ ಎಥೆನಾಲ್ ತಯಾರಿಸುವುದನ್ನು ನಿರ್ಬಂಧಿಸಿತು. ಉದ್ಯಮ ಮೊರೆಯಿಟ್ಟಿತು, 15ರಂದು ನಿರ್ಬಂಧ ಸಡಿಲವಾಯಿತು. ಕಾರ್ಖಾನೆಗಳ ದನಿ ಎಂಟೇ ದಿನಗಳಲ್ಲಿ ಕೇಳಿಸಿತು. ನಾಲೆಯ ಕೊನೆಯಂಚಿನ ರೈತನ ನೀರಿನ ಲೆಕ್ಕವನ್ನು ಅಲ್ಲಿ ಮಂಡಿಸುವವರು ಯಾರು?

ಉದ್ಯಮಗಳು ಸಂಘಟಿತರಾಗಿ ಸರ್ಕಾರದ ಮುಂದೆ ಬೇಡಿಕೆ ಇಡುವುದು ತಪ್ಪಲ್ಲ. ಸಂಘ ತಮ್ಮ ಹೆಸರಿನಲ್ಲಿ ಏನು ಕೇಳುತ್ತಿದೆ ಎಂಬುದನ್ನು ಕಂಪನಿಗಳ ಆಡಳಿತ ಮಂಡಳಿಗಳು ಪರಿಶೀಲಿಸದಿರುವುದು ತಪ್ಪು. 2022–23ರಿಂದ ಅಗ್ರ 1,000 ನೋಂದಾಯಿತ ಕಂಪನಿಗಳು ತಾವು ಯಾವ ಪ್ರಮುಖ ಉದ್ಯಮ ಸಂಘಗಳ ಸದಸ್ಯರೆಂದು ತಿಳಿಸುವುದನ್ನು ಸೆಬಿ ಕಡ್ಡಾಯ ಮಾಡಿದೆ. ಆದರೆ ಯಾವ ನೀತಿಗಾಗಿ ಒತ್ತಾಯಿಸಿದರು, ಆಡಳಿತ ಮಂಡಳಿ ಅದನ್ನು ಎಷ್ಟು ಬಾರಿ ಪರಾಮರ್ಶಿಸಿತು ಎಂಬ ವಿವರ ಐಚ್ಛಿಕ. ಷೇರುಪೇಟೆಯ ಹೊರಗಿರುವ ಕಾರ್ಖಾನೆಗಳಿಗಂತೂ ಈ ಕಟ್ಟಳೆಯೇ ಇಲ್ಲ.

ಆ ಐಚ್ಛಿಕ ಅಂಕಣವನ್ನು ಕಡ್ಡಾಯಗೊಳಿಸುವುದು ಮೊದಲ ಹೆಜ್ಜೆ. ಸಂಘದ ನಿಲುವು ಕಂಪನಿಯ ಹವಾಮಾನ ಘೋಷಣೆಗೆ ಹೊಂದುತ್ತದೆಯೇ ಎಂದು ವರ್ಷಕ್ಕೊಮ್ಮೆ ಪರಿಶೀಲಿಸಿ, ಭಿನ್ನಮತವಿದ್ದರೆ ಬಹಿರಂಗವಾಗಿ ಹೇಳಬೇಕು. ರಾಜ್ಯ ಸರ್ಕಾರಕ್ಕೂ ಹೊಣೆಯಿದೆ: ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರಿಗೆ ವಹಿಸಲಾಯಿತು. ಮುಂದೆ ಇಂಥ ಗುತ್ತಿಗೆ ನೀಡುವಾಗ ಈ ಪಾರದರ್ಶಕತೆಯನ್ನೂ ಒಂದು ಷರತ್ತಾಗಿ ಸೇರಿಸಬೇಕು. ಕಬ್ಬು ಬೆಳೆಗಾರನದು, ನೀರು ಎಲ್ಲರದು. ಅವುಗಳ ಹೆಸರಿನಲ್ಲಿ ಸಲ್ಲಿಕೆಯಾಗುವ ಮನವಿಪತ್ರವನ್ನು ಓದುವ ಹಕ್ಕಾದರೂ ಇಲ್ಲಿನವರಿಗೆ ಬೇಡವೇ?