ಹೊಸ ಪ್ರೊಸೆಸರ್ ಹಾಕಿಸಿದಿರಾ? ಒಮ್ಮೆ ಜ್ವರ ನೋಡಿ



ಕೆಚ್ಚಲು ಬಾವು, ಗರ್ಭ ಕಟ್ಟದಿರುವುದು, ಕರುಗಳ ಜಂತುಹುಳು ಇಂಥ ವಿಷಯಗಳನ್ನೇ ನಿಮಗೆ ಹೇಳುತ್ತಿರುತ್ತೇನೆ. ಈ ಸಲ ಸಂಘದ ಕಂಪ್ಯೂಟರಿಗೆ ಬರುವ ಜ್ವರದ ಮಾತು. ನಗಬೇಡಿ, ನಿಮ್ಮ ಬಟವಾಡೆಗೂ ಇದಕ್ಕೂ ನೇರ ಸಂಬಂಧವಿದೆ.

ಮೊನ್ನೆ ಕಾಲುಬಾಯಿ ಜ್ವರದ ಲಸಿಕೆಗೆಂದು ಒಂದು ಮಹಿಳಾ ಸಂಘಕ್ಕೆ ಹೋಗಿದ್ದೆ. ಬೆಳಿಗ್ಗೆ ಏಳು ಗಂಟೆ, ಹಾಲಿನ ಸಾಲು ಬಾಗಿಲಾಚೆಗೂ ನಿಂತಿತ್ತು. ಅಷ್ಟರಲ್ಲಿ ಕಂಪ್ಯೂಟರ್ ತಟ್ಟನೆ ಆಫ್ ಆಯಿತು. ಕರೆಂಟ್ ಇತ್ತು, ಫ್ಯಾನ್ ತಿರುಗುತ್ತಿತ್ತು. ಒಬ್ಬ ಅಜ್ಜಿಯ ಹಾಲು ಅಳೆದಾಗಿತ್ತು, ಚೀಟಿ ಮಾತ್ರ ಬಂದಿರಲಿಲ್ಲ. "ನನ್ನ ಹಾಲು ಲೆಕ್ಕಕ್ಕೆ ಬಂತೋ ಇಲ್ಲವೋ ತಾಯಿ?" ಎಂದು ಅವರು ಕೇಳಿದಾಗ ಕಾರ್ಯದರ್ಶಿಯವರಿಗೆ ಉತ್ತರ ಹೊಳೆಯಲಿಲ್ಲ. ಪುಸ್ತಕ ತೆಗೆದು ಕೈಯಲ್ಲೇ ಬರೆದುಕೊಂಡರು.

"ಹೋದ ವಾರವಷ್ಟೇ ಹೊಸ ಪ್ರೊಸೆಸರ್ ಹಾಕಿಸಿದ್ದೇವೆ ಡಾಕ್ಟ್ರೇ. ಆಮೇಲೇ ಹೀಗಾಗ್ತಿರೋದು" ಎಂದರು.

ಹಾಕಿಸಲು ಕಾರಣವೂ ಇತ್ತು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹಳೆಯ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಅದೇ ಬೋರ್ಡಿಗೆ ರೈಜೆನ್ 5 5600ಜಿ ಕೂರಿಸಿದ್ದರು. ಕಂಪ್ಯೂಟರ್ ಹೊತ್ತಿಕೊಂಡದ್ದನ್ನು ನೋಡಿ ಕೆಲಸದವರು ಹೊರಟುಹೋದರು. ಬಿಸಿ ಎಷ್ಟಿದೆ ಎಂದು ಯಾರೂ ನೋಡಿರಲಿಲ್ಲ.

ಪ್ರೊಸೆಸರ್ ಕೆಲಸ ಮಾಡಿದಷ್ಟೂ ಬಿಸಿಯಾಗುತ್ತದೆ. ಮೇಲಿರುವ ಲೋಹದ ದಿಂಡು ಮತ್ತು ಫ್ಯಾನ್ ಆ ಬಿಸಿಯನ್ನು ಹೊರಗೆ ಹಾಕಬೇಕು. ಎರಡರ ನಡುವೆ ಕಣ್ಣಿಗೆ ಕಾಣದ ಸಂದು ಉಳಿಯದಂತೆ ಥರ್ಮಲ್ ಪೇಸ್ಟ್ ಹಚ್ಚುತ್ತಾರೆ. ಪೇಸ್ಟ್ ಒಣಗಿದ್ದರೆ, ದಿಂಡು ಓರೆಯಾಗಿ ಕೂತಿದ್ದರೆ ಬಿಸಿ ಒಳಗೇ ಉಳಿಯುತ್ತದೆ. ಆಗ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ತಣಿಯದಿದ್ದರೆ ಸುಟ್ಟುಹೋಗದಿರಲೆಂದು ಕಂಪ್ಯೂಟರ್ ತಾನೇ ಆಫ್ ಆಗುತ್ತದೆ.

ಜ್ವರ ನೋಡುವುದು ಹೇಗೆ?

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಪ್ರೊಸೆಸರಿನ ಬಿಸಿಯನ್ನು ತೋರಿಸುವುದಿಲ್ಲ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿದರೆ ಬರುವ ಬಯಾಸ್ ಪರದೆಯಲ್ಲಿ ಕಾಣುತ್ತದೆ. ಕೆಲಸ ನಡೆಯುತ್ತಿರುವಾಗ ನೋಡಲು ಎಚ್‌ಡಬ್ಲ್ಯೂಮಾನಿಟರ್, ಕೋರ್ ಟೆಂಪ್‌ನಂಥ ಉಚಿತ ತಂತ್ರಾಂಶಗಳಿವೆ. ಅವನ್ನು ತಯಾರಕರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ.

ಹಸುವಿನ ಜ್ವರವನ್ನು ನಾವು ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತೇವೆ. ಸಹಜವಾದ 101.5 ಎಂದರೆ ಸೆಲ್ಸಿಯಸ್‌ನಲ್ಲಿ ಸುಮಾರು 38.6. ಕಂಪ್ಯೂಟರಿನ ಲೆಕ್ಕ ಸೆಲ್ಸಿಯಸ್‌ನಲ್ಲಿ, ಅಂಕಿಗಳೂ ಬೇರೆ.

1. ಸುಮ್ಮನಿದ್ದಾಗ: ಆನ್ ಮಾಡಿ ಹದಿನೈದು ನಿಮಿಷ ಬಿಡಿ. 35ರಿಂದ 50 ಡಿಗ್ರಿ ಇದ್ದರೆ ಚಿಂತೆಯಿಲ್ಲ.

2. ಪೂರ್ತಿ ದುಡಿಯುವಾಗ: ಸಿನಿಬೆಂಚ್‌ನಂಥ ಪರೀಕ್ಷೆಯನ್ನು 10ರಿಂದ 15 ನಿಮಿಷ ಓಡಿಸಿ. 80ರೊಳಗೆ ನಿಂತರೆ ಒಳ್ಳೆಯದು. 85 ದಾಟಿದರೆ ಕಾರಣ ಹುಡುಕಿ. 5600ಜಿಗೆ ತಯಾರಕರು ಕೊಟ್ಟಿರುವ ಗರಿಷ್ಠ ಮಿತಿ 95. ನಿಮ್ಮ ಪ್ರೊಸೆಸರಿನ ಮಿತಿ ಎಷ್ಟೆಂದು ಕೇಳಿ ತಿಳಿದುಕೊಳ್ಳಿ.

3. ಕೋಣೆಯ ಬಿಸಿಯನ್ನೂ ಬರೆದುಕೊಳ್ಳಿ. ಮುಂಜಾನೆಯ 22 ಡಿಗ್ರಿಯಲ್ಲಿ ನೋಡಿದ್ದಕ್ಕೂ ಏಪ್ರಿಲ್ ಮಧ್ಯಾಹ್ನದ 35ರಲ್ಲಿ ನೋಡಿದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ಏನಾದರೂ ತೆರೆದಾಗ ಅಂಕಿ ಒಮ್ಮೆ ಮೇಲೆ ಹಾರಿ ಇಳಿದರೆ ಗಾಬರಿ ಬೇಡ. ಬಿಸಿಲಲ್ಲಿ ನಡೆದುಬಂದ ಹಸುವಿಗೆ ತಕ್ಷಣ ಥರ್ಮಾಮೀಟರ್ ಇಟ್ಟು ಜ್ವರ ಎನ್ನುತ್ತೇವೆಯೇ? ಇಳಿಯದೆ ಮೇಲೆಯೇ ನಿಂತರೆ ಅದು ಕಾಯಿಲೆ.

ಆ ಸಂಘದಲ್ಲಿ ಸುಮ್ಮನಿದ್ದಾಗಲೇ 61 ಡಿಗ್ರಿ ಇತ್ತು. ಪರೀಕ್ಷೆ ಶುರುಮಾಡಿ ಎರಡು ನಿಮಿಷದಲ್ಲಿ 95 ಮುಟ್ಟಿತು, ನಿಲ್ಲಿಸಿಬಿಟ್ಟೆವು. ಕೆಲಸದವರನ್ನು ಮತ್ತೆ ಕರೆಸಿ ಬಿಚ್ಚಿಸಿದಾಗ ಕಂಡದ್ದು ಮೂರು: ಹಳೆಯ ಪೇಸ್ಟ್ ಒರೆಸದೆ ಅದರ ಮೇಲೇ ದಿಂಡು ಇಟ್ಟಿದ್ದರು, ಒಂದು ಬದಿಯ ಕೊಂಡಿ ಕಚ್ಚಿರಲಿಲ್ಲ, ಪಕ್ಕದಲ್ಲಿ ಪೇರಿಸಿದ್ದ ಪಶು ಆಹಾರದ ಚೀಲಗಳ ಧೂಳು ಫ್ಯಾನಿಗೆ ಮೆತ್ತಿತ್ತು. ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ, ಕೊಂಡಿ ಸರಿಯಾಗಿ ಕೂರಿಸಿದರು. ಚೀಲಗಳು ಆಚೆ ಗೋಡೆಗೆ ಹೋದವು. ಅದೇ ಕೋಣೆಯಲ್ಲಿ ಮತ್ತೆ ನೋಡಿದಾಗ ಸುಮ್ಮನಿದ್ದಾಗ 43, ದುಡಿಯುವಾಗ 77.

ಬಿಚ್ಚುವ ಮೊದಲು ಸದಸ್ಯರ ಲೆಕ್ಕವನ್ನು ಪೆನ್‌ಡ್ರೈವಿಗೆ ತೆಗೆದಿಡಿ, ಪ್ಲಗ್ ಕಿತ್ತಿಡಿ. ಒದ್ದೆ ಬಟ್ಟೆ ತಾಗಿಸಬೇಡಿ. ಹಾಲು ತೆಗೆದುಕೊಳ್ಳುವ ಹೊತ್ತಿನಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ.

ನಿರ್ದೇಶಕಿಯರಿಗೆ ಒಂದು ಮಾತು. ಪ್ರೊಸೆಸರ್ ಬದಲಿಸಿದವರಿಗೆ ಹಣ ಕೊಡುವ ಮುನ್ನ ಈ ಅಂಕಿಗಳನ್ನು ನಿಮ್ಮೆದುರೇ ತೋರಿಸಲು ಹೇಳಿ, ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿ. ಏರುತ್ತಿದ್ದರೆ ಧೂಳು ತೆಗೆಸುವ ಸಮಯ ಬಂತೆಂದು ತಿಳಿಯಿರಿ.

ಕಂಪ್ಯೂಟರ್ ರಿಪೇರಿಯಾದ ಸಂಜೆ ಅಜ್ಜಿ ಮತ್ತೆ ಹಾಲು ತಂದಿದ್ದರು. ಕಾರ್ಯದರ್ಶಿಯವರು ಕೈಯಲ್ಲಿ ಬರೆದಿದ್ದ ಲೆಕ್ಕವನ್ನೂ ಸೇರಿಸಿ ಎರಡು ಚೀಟಿ ಕೊಟ್ಟರು. ಅಜ್ಜಿ ಎರಡನ್ನೂ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.