ಈಚಲ ಮರದ ಕೆಳಗಿನ ಮಜ್ಜಿಗೆ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಅದನ್ನು ಹೆಂಡವೆನ್ನುತ್ತಾರೆ. ಅರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞರು 1963ರಲ್ಲಿ ಬರೆದ ‘ಸ್ಟಿಗ್ಮ’ ಎಂಬ ಗ್ರಂಥದ ವಿಚಾರ ತರಗತಿಯಲ್ಲಿ ಬಂದಾಗ ನನಗೆ ನೆನಪಾದದ್ದು ಈ ಗಾದೆಯೇ. ಕಳಂಕಿತನ ಬಳಿ ಇರುವವನಿಗೂ ಕಳಂಕದ ಪಾಲು ಹತ್ತುವುದೆಂದು ಅವರ ಮತ. ಇಂಗ್ಲೆಂಡಿನ ಸೆರೆಮನೆಗಳ ಕೆಲವು ನೌಕರರಿಗಿಂತ ಒಳ್ಳೆಯ ನಿದರ್ಶನ ಇದಕ್ಕೆ ನನಗೆ ದೊರೆತಿಲ್ಲ.

ಅಲ್ಲಿ ಲೈಂಗಿಕ ಅಪರಾಧ ಮಾಡಿದವನನ್ನು ಕಳ್ಳನೂ ಕೊಲೆಗಾರನೂ ತನಗಿಂತ ಹೀನನೆಂದು ಕಾಣುತ್ತಾನೆ. 1990ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರಿನ ಸ್ಟ್ರೇಂಜ್‌ವೇಸ್ ಸೆರೆಮನೆಯಲ್ಲಿ 25 ದಿನ ದಂಗೆ ನಡೆದಾಗ, ಇಂಥವರನ್ನು ಬೇರೆಯಾಗಿಟ್ಟಿದ್ದ ಭಾಗಕ್ಕೂ ನುಗ್ಗಿ ಹೊಡೆದರು. ಮರುವರ್ಷ ಇವರ ಸುಧಾರಣೆಗೆಂದೇ ಸರ್ಕಾರವು ಒಂದು ಕಾರ್ಯಕ್ರಮವನ್ನು ಪ್ರಕಟಿಸಿತು. ಅದನ್ನು ನಡೆಸಿದವರು ಮನಶ್ಶಾಸ್ತ್ರಜ್ಞರಷ್ಟೇ ಅಲ್ಲ, ತರಬೇತಿ ಪಡೆದ ವಾರ್ಡರುಗಳೂ ಹೌದು. ಕೈದಿಗಳನ್ನು ಗುಂಪಾಗಿ ಕೂರಿಸಿ, ಮಾಡಿದ್ದನ್ನು ಅವರ ಬಾಯಿಂದಲೇ ಹೇಳಿಸಬೇಕು; ‘ಅವಳದೇ ತಪ್ಪು’ ಎಂಬ ನೆಪವನ್ನು ಒಪ್ಪದೆ, ನೊಂದವಳ ಪಾಡನ್ನು ನೆನೆಯುವಂತೆ ಮಾಡಬೇಕು. ಕೇಳಬಾರದ್ದನ್ನೆಲ್ಲ ಹಗಲು ಕೇಳಿ, ಸಂಜೆ ಮನೆಗೆ ಹೋಗಿ ತನ್ನ ಮಗುವನ್ನು ಎತ್ತಿಕೊಳ್ಳಬೇಕು! ಇಂಥ ಉದ್ಯೋಗವನ್ನು ನೆರೆಯವರ ಮುಂದೆ ಹೇಳಿಕೊಳ್ಳುವುದು ಸುಲಭವೆ? ಜೊತೆಯ ವಾರ್ಡರುಗಳೇ ‘ಅವರ ಕಡೆಯವರು’ ಎಂದು ಮೂಗು ಮುರಿಯುವುದೂ ಉಂಟು.

‘ನೊಂದವಳಿಗೇ ಇಲ್ಲದ ಉಪಚಾರ ಅವನಿಗೇಕೆ?’ ಎಂದಳು ನನ್ನ ಗೆಳತಿ. ಪ್ರಶ್ನೆ ಅನ್ಯಾಯದ್ದಲ್ಲ. ಆದರೆ ಶಿಕ್ಷೆ ಮುಗಿದ ಮೇಲೆ ಬಹುಮಂದಿ ಯಾವುದಾದರೊಂದು ಬೀದಿಗೆ ಹಿಂದಿರುಗುವವರೇ. ಹೇಗೆ ಹಿಂದಿರುಗುವರು ಎಂಬುದು ಆ ಬೀದಿಯ ಹೆಣ್ಣುಮಕ್ಕಳ ಪ್ರಶ್ನೆಯೂ ಆಗಿದೆ.

ಫಲವೇನಾಯಿತು? ಅದನ್ನು ಮುಚ್ಚಿಡಲಾರೆ. 2017ರಲ್ಲಿ ಅಲ್ಲಿನ ನ್ಯಾಯ ಇಲಾಖೆಯೇ ಒಂದು ಅಧ್ಯಯನವನ್ನು ಪ್ರಕಟಿಸಿತು. ಕಾರ್ಯಕ್ರಮಕ್ಕೆ ಸೇರಿದ್ದ 2,562 ಮಂದಿಯನ್ನು, ಅದಕ್ಕೆ ಸೇರದ 13,219 ಮಂದಿಯೊಡನೆ ಹೋಲಿಸಿದ್ದರು. ಬಿಡುಗಡೆಯಾದ ಮೇಲೆ ಸರಾಸರಿ ಎಂಟು ವರ್ಷಗಳಲ್ಲಿ, ಕಲಿತವರಲ್ಲಿ ನೂರಕ್ಕೆ 10 ಮಂದಿ ಮತ್ತೆ ಅದೇ ಬಗೆಯ ಅಪರಾಧ ಮಾಡಿದ್ದರು. ಕಲಿಯದವರಲ್ಲಿ 8 ಮಂದಿ. ಆ ಪಾಠವನ್ನು ಕೈಬಿಟ್ಟು ‘ಹೊರೈಜನ್’, ‘ಕೈಜನ್’ ಎಂಬ ಹೊಸ ಪಾಠಗಳನ್ನು ತಂದರು. ಹೊರೈಜನ್‌ನಲ್ಲಿ ಅಪರಾಧವನ್ನು ಬಿಡಿಸಿ ಹೇಳಿಸುವ ಒತ್ತಾಯವಿರಲಿಲ್ಲ. ಹಳೆಯ ಪಾಠವನ್ನು ರಚಿಸಿದವರು ಬೇರೆಯೇ ಇದ್ದರು; ಅದಕ್ಕಾಗಿ ಹೆಸರು ಕೆಡಿಸಿಕೊಂಡ ವಾರ್ಡರಿಗೆ ಈ ಅಂಕಿಗಳನ್ನು ಓದುವಾಗ ಏನನ್ನಿಸಿರಬೇಕು!

ಗೆಳತಿಗೆ ಇವನ್ನು ತೋರಿಸಿದೆ. ‘ನಾನು ಹೇಳಲಿಲ್ಲವೆ?’ ಎಂದಳು.

‘ಹಾಗಾದರೆ ಆ ಕೋಣೆಯಲ್ಲಿ ಯಾರೂ ಕೂರುವುದೇ ಬೇಡವೆ?’

ಅವಳ ಅಣ್ಣ ಬಂದೀಖಾನೆ ಇಲಾಖೆಯ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಯಾರಾದರೂ ಕೂರಲಿ. ನಮ್ಮಣ್ಣ ಮಾತ್ರ ಬೇಡ.’