ಗೋಡೆಯ ಮೇಲೆ ಜಿರಾಫೆ, ಗುಡ್ಡದಲ್ಲಿ ಕತ್ತೆಕಿರುಬ

ಗದಗ ಜಿಲ್ಲೆಯ ಶಿರಹಟ್ಟಿ, ಮುಂಡರಗಿ ಕಡೆಯ ಅಂಗನವಾಡಿ, ಶಾಲೆಗಳ ಗೋಡೆ ನೋಡುತ್ತ ಹೋದರೆ ಜಿರಾಫೆ ಸಿಗುತ್ತದೆ, ಜೀಬ್ರಾ ಸಿಗುತ್ತದೆ. ಪಕ್ಕದಲ್ಲೇ ಇರುವ ಕಪ್ಪತಗುಡ್ಡದ ಪ್ರಾಣಿ ಸಿಗುವುದು ಅಪರೂಪ. ಇದು ನನಗೆ ಬಹಳ ದಿನದ ಸಂಕಟ.

ನಮ್ಮ ನಾಡಿನ ಬೀದಿಗೋಡೆಗಳಿಗೆ ಕಾಡುಪ್ರಾಣಿ ಬಂದ ಕಥೆಯಲ್ಲಿ 2009ರ ಬೆಂಗಳೂರನ್ನು ಮರೆಯುವಂತಿಲ್ಲ. ಪೋಸ್ಟರ್ ಮೆತ್ತಿ ಹಾಳಾದ ಗೋಡೆಗಳಿಗೆ ಚಿತ್ರ ಬರೆಸಲು ಮಹಾನಗರ ಪಾಲಿಕೆ ಹೊರಟಿತು. ಕರೆದದ್ದು ಸಿನಿಮಾ ಬ್ಯಾನರ್, ಅಂಗಡಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳನ್ನು. ಫ್ಲೆಕ್ಸ್ ಬಂದು ಅವರ ಅನ್ನ ಕಿತ್ತುಕೊಂಡಿತ್ತು. ನಾಯಕರ ಮುಖವನ್ನು ಆಳೆತ್ತರ ಬರೆದ ಕೈಗಳು ಹುಲಿ, ಆನೆ, ಜಲಪಾತ ಬರೆದವು. ಕ್ಯಾಲೆಂಡರ್ ಚಿತ್ರ ಎಂದು ಮೂಗು ಮುರಿದವರಿದ್ದರು. ನಾನು ಒಪ್ಪುವುದಿಲ್ಲ. ಚೌಕ ಹಾಕಿ ಅಳತೆ ಹಿಡಿಯುವ, ದೂರಕ್ಕೂ ಕಾಣುವಂತೆ ಬಣ್ಣ ಕೂಡಿಸುವ ವಿದ್ಯೆ ಅವರದು. ನಮ್ಮೂರಲ್ಲಿ ಮಕ್ಕಳೊಡನೆ ಇಂಥ ಗೋಡೆ ಬರೆಯಲು ಬೇಕಾದದ್ದೂ ಅದೇ. ಸೀಮೆಸುಣ್ಣದಲ್ಲಿ ಚೌಕ ಎಳೆದುಕೊಟ್ಟರೆ ಒಂದೊಂದು ಚೌಕ ಒಬ್ಬೊಬ್ಬರದು. ಏಣಿಯ ಎತ್ತರ ದೊಡ್ಡವರಿಗೆ, ಕೈಗೆಟುಕುವಷ್ಟು ಚಿಕ್ಕವರಿಗೆ.

ಬರೆಯಲು ನಮ್ಮಲ್ಲೇನು ಕಡಿಮೆ? ಕತ್ತೆಕಿರುಬ, ತೋಳ, ಚಿರತೆ, ಕೊಂಡುಕುರಿ ಎಲ್ಲ ಕಪ್ಪತಗುಡ್ಡದಲ್ಲಿವೆ. ಅವು ಉಳಿದದ್ದು ಸುಮ್ಮನೆ ಅಲ್ಲ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಗೆ ಪೋಸ್ಕೊ ಉಕ್ಕಿನ ಕಾರ್ಖಾನೆ ಬರಲಿದ್ದಾಗ ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜತೆ ನಿಂತರು. 2011ರಲ್ಲಿ ಕಂಪನಿ ಹಿಂದೆ ಸರಿಯಿತು. ಗುಡ್ಡಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಿತ ಮೀಸಲು ಪಟ್ಟವನ್ನು ಸರ್ಕಾರವೇ ಮರುವರ್ಷ ಕಸಿದುಕೊಂಡಿತು. ಜನ ಮತ್ತೆ ಬೀದಿಗಿಳಿದರು, 2017ರಲ್ಲಿ ಅದು ಮರಳಿತು. 2019ರಲ್ಲಿ 244 ಚದರ ಕಿ.ಮೀ. ಗುಡ್ಡ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು.

ಬರೆಯಲು ಗುಡ್ಡವಷ್ಟೇ ಅಲ್ಲ, ಕೆರೆಯೂ ಇದೆ. ಲಕ್ಷ್ಮೇಶ್ವರದ ಹತ್ತಿರದ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು.

ಇವನ್ನೆಲ್ಲ ಗೋಡೆಗೆ ತರುವ ಕೆಲಸವನ್ನು ಅನಾಥಾಶ್ರಮದ ಮಕ್ಕಳಿಗೂ ಕೊಡಬಹುದು. ಹೆತ್ತವರಿಲ್ಲದ ಮಕ್ಕಳ ಕೈಗೆ ಕಲೆ ಕೊಡುವುದು ಗದಗಕ್ಕೆ ಹೊಸದೇನಲ್ಲ. ವೀರೇಶ್ವರ ಪುಣ್ಯಾಶ್ರಮ ಅಂಧ, ಅನಾಥ ಮಕ್ಕಳಿಗೆ ಸಂಗೀತ ಕಲಿಸಿತು. ಅವರ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ಕಟ್ಟಿತು. ಆ ಆಶ್ರಮದ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬಾಳು ಸವೆಸಿದ್ದು ಅದಕ್ಕೇ.

ಗದಗ-ಬೆಟಗೇರಿಯ ಬಾಲಮಂದಿರ, ಅನಾಥಾಶ್ರಮಗಳ ಗೋಡೆಗೆ ಬಣ್ಣ ಕೊಡಿಸಲು ಮುಂದೆ ಬರುವ ದಾನಿಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಊರಿನ ಬೋರ್ಡ್ ಪೇಂಟರೊಬ್ಬರನ್ನು ಕರೆಯಿರಿ. ಅದಕ್ಕೂ ಮೊದಲು ಮಕ್ಕಳನ್ನು ಗುಡ್ಡಕ್ಕೂ ಕೆರೆಗೂ ಕರೆದೊಯ್ಯಿರಿ. ಹೆಬ್ಬಾತು ನೋಡಲು ಡಿಸೆಂಬರ್, ಜನವರಿ ಒಳ್ಳೆಯ ಕಾಲ.